ಅಮೆರಿಕದ ಮೊದಲ ಪಾಸ್‌ಪೋರ್ಟ್: ಊರಿನ ಸ್ವೀಕೃತಿ ಕಚೇರಿಗೆ ಹೋಗುವ ಮುನ್ನ

ಅಮೆರಿಕದ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ದಿನವೇ ಗ್ರೀನ್ ಕಾರ್ಡನ್ನು ಹಿಂದಿರುಗಿಸಿರುತ್ತೀರಿ. ಭಾರತದ ಪಾಸ್‌ಪೋರ್ಟ್ ಪೆಟ್ಟಿಗೆಯಲ್ಲಿ ಇದ್ದರೂ ಅದನ್ನು ಬಳಸುವಂತಿಲ್ಲ. 1955ರ ಭಾರತೀಯ ಪೌರತ್ವ ಕಾಯ್ದೆಯ 9ನೆಯ ಪ್ರಕರಣದಂತೆ, ಸ್ವಇಚ್ಛೆಯಿಂದ ಬೇರೊಂದು ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಆಗಲೇ ಕೊನೆಗೊಂಡಿರುತ್ತದೆ. ಹೀಗಾಗಿ ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ದೇಶದ ಗಡಿ ದಾಟಲು ನಿಮ್ಮ ಬಳಿ ಯಾವ ದಾಖಲೆಯೂ ಇರುವುದಿಲ್ಲ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರಿಗೆ ಈ ಕೆಲವು ವಾರಗಳು ನಿಜವಾಗಿಯೂ ಆತಂಕದ ವಾರಗಳು. ಅರ್ಜಿಯನ್ನು ಮೊದಲ ಸಲವೇ ತಪ್ಪಿಲ್ಲದಂತೆ ಕೊಟ್ಟು ಈ ಅವಧಿಯನ್ನು ಆದಷ್ಟು ಮೊಟಕುಗೊಳಿಸಬೇಕೆಂಬುದೇ ಈ ಮಾರ್ಗದರ್ಶಿಯ ಉದ್ದೇಶ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ದಾಖಲೆಗಳಲ್ಲಿ ಪದೇ ಪದೇ ಎದುರಾಗುವ ತೊಡಕುಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಪಾಸ್‌ಪೋರ್ಟಿಗೆ ಅರ್ಜಿಯನ್ನು ಖುದ್ದಾಗಿ ಹೋಗಿ ಕೊಡಬೇಕು. ಅದಕ್ಕಾಗಿ ವಿದೇಶಾಂಗ ಇಲಾಖೆಯು ದೇಶದಾದ್ಯಂತ ಏಳು ಸಾವಿರಕ್ಕೂ ಹೆಚ್ಚು ಸ್ವೀಕೃತಿ ಕಚೇರಿಗಳಿಗೆ ಅಧಿಕಾರ ಕೊಟ್ಟಿದೆ. ಅವುಗಳಲ್ಲಿ ಬಹುಪಾಲು ನಿಮ್ಮ ಪಕ್ಕದ ಅಂಚೆ ಕಚೇರಿಗಳೇ; ಉಳಿದವು ಕೌಂಟಿ ಕ್ಲರ್ಕ್ ಕಚೇರಿಗಳು, ನ್ಯಾಯಾಲಯದ ಕ್ಲರ್ಕ್ ಕಚೇರಿಗಳು, ನಗರಸಭೆಯ ಕಚೇರಿಗಳು ಮತ್ತು ಕೆಲವು ಸರ್ಕಾರಿ ಗ್ರಂಥಾಲಯಗಳು. ಈ ಕಚೇರಿಗಳು ಪಾಸ್‌ಪೋರ್ಟ್ ಮುದ್ರಿಸುವುದಿಲ್ಲ, ನಿಮ್ಮ ಪೌರತ್ವವನ್ನು ನಿರ್ಣಯಿಸುವುದೂ ಇಲ್ಲ. ಕಿಟಕಿಯ ಆಚೆ ಕುಳಿತ ನೌಕರರ ಕೆಲಸ ಮೂರೇ: ನಿಮ್ಮ ಗುರುತನ್ನು ನೋಡಿ ಖಚಿತಪಡಿಸಿಕೊಳ್ಳುವುದು, ಅರ್ಜಿಯಲ್ಲಿ ಬರೆದದ್ದೆಲ್ಲ ಸತ್ಯವೆಂದು ನಿಮ್ಮಿಂದ ಪ್ರಮಾಣ ಮಾಡಿಸಿ ತಮ್ಮೆದುರಿಗೇ ಸಹಿ ಹಾಕಿಸುವುದು, ಎಲ್ಲವನ್ನೂ ಲಕೋಟೆಗೆ ಹಾಕಿ ವಿದೇಶಾಂಗ ಇಲಾಖೆಗೆ ಕಳುಹಿಸುವುದು. ಅರ್ಜಿಯ ಗುಣಾವಗುಣವನ್ನು ತೂಗುವ ಅಧಿಕಾರಿ ನಿಮ್ಮನ್ನು ನೋಡುವುದೇ ಇಲ್ಲ; ಅವರ ಮುಂದೆ ಇರುವುದು ಆ ಲಕೋಟೆ ಮಾತ್ರ. ಕಿಟಕಿಯಲ್ಲಿ ಬಾಯಿಮಾತಿನಲ್ಲಿ ಕೊಟ್ಟ ವಿವರಣೆ ಲಕೋಟೆಯೊಳಗೆ ಹೋಗುವುದಿಲ್ಲವೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಯಾವ ಕಾಗದ ಏಕೆ ಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಯಾರು ಖುದ್ದಾಗಿ ಹೋಗಬೇಕು

ಖುದ್ದಾಗಿ ಕೊಡುವ ಅರ್ಜಿಯ ನಮೂನೆಯ ಹೆಸರು ಡಿಎಸ್-11. ಮೊದಲ ಸಲ ಅರ್ಜಿ ಹಾಕುವವರು, 16 ವರ್ಷದೊಳಗಿನ ಎಲ್ಲ ಮಕ್ಕಳು, ಹಿಂದಿನ ಪಾಸ್‌ಪೋರ್ಟನ್ನು 16 ತುಂಬುವ ಮೊದಲು ಪಡೆದಿದ್ದವರು, ಹಿಂದಿನದು ಕಳೆದುಹೋದ ಅಥವಾ ಹಾಳಾದವರು ಮತ್ತು ಹಿಂದಿನದು ಕೊಟ್ಟು 15 ವರ್ಷ ಮೀರಿದವರು ಇದನ್ನೇ ಬಳಸಬೇಕು. ವಯಸ್ಕರ ಸಾಮಾನ್ಯ ನವೀಕರಣಕ್ಕೆ ಬೇರೆ ನಮೂನೆ ಇದ್ದು, ಅದು ಅಂಚೆಯಲ್ಲಿ ಅಥವಾ, ಅರ್ಹತೆ ಇದ್ದರೆ, ಆನ್‌ಲೈನಿನಲ್ಲಿ ನಡೆಯುತ್ತದೆ. ಅದಕ್ಕಾಗಿ ಸ್ವೀಕೃತಿ ಕಚೇರಿಯಲ್ಲಿ ಸಮಯ ಕಾದಿರಿಸಿಕೊಂಡು ಹೋದರೆ ವಾಪಸು ಕಳುಹಿಸುತ್ತಾರೆ.

ಡಿಎಸ್-11 ಅನ್ನು ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ತುಂಬಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಕೈಬರಹದ ಅಕ್ಷರವನ್ನು ತಪ್ಪಾಗಿ ಓದಿಕೊಳ್ಳುವ ಅಪಾಯ ಹಾಗೆ ಮಾಡಿದರೆ ತಪ್ಪುತ್ತದೆ. ಕಾಗದದ ಒಂದೇ ಮಗ್ಗುಲಲ್ಲಿ ಮುದ್ರಿಸಬೇಕು. ಮನೆಯಲ್ಲಿ ಸಹಿ ಹಾಕಬಾರದು, ಫೋಟೋ ಅಂಟಿಸಲೂಬಾರದು. ಸಹಿ ಹಾಕಿ ತಂದ ಅರ್ಜಿಯನ್ನು ಸ್ವೀಕರಿಸುವಂತಿಲ್ಲ, ಏಕೆಂದರೆ ಆ ಸಹಿಗೆ ಸಾಕ್ಷಿಯಾಗುವುದೇ ಸ್ವೀಕೃತಿ ಕಚೇರಿಯ ಮುಖ್ಯ ಕೆಲಸ.

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕಲಮನ್ನು ಖಾಲಿ ಬಿಡಬೇಡಿ. ಮಗುವಿಗೆ ಆ ಸಂಖ್ಯೆ ಇನ್ನೂ ಬಂದಿಲ್ಲವಾದರೆ ಅಲ್ಲಿ ಸೊನ್ನೆಗಳನ್ನು ತುಂಬಿ, ಈ ಮಗುವಿಗೆ ಸಂಖ್ಯೆಯನ್ನು ಎಂದೂ ಕೊಟ್ಟಿಲ್ಲವೆಂದು ಪ್ರಮಾಣಪೂರ್ವಕವಾಗಿ ಬರೆದು, ಸಹಿ ಮತ್ತು ದಿನಾಂಕ ಹಾಕಿದ ಹೇಳಿಕೆಯನ್ನು ಲಗತ್ತಿಸಬೇಕು. ಪಾಸ್‌ಪೋರ್ಟ್ ಪುಸ್ತಕ ಸಾಮಾನ್ಯ ಗಾತ್ರದ್ದು ಬೇಕೋ ಹೆಚ್ಚು ಪುಟಗಳ ದೊಡ್ಡದು ಬೇಕೋ ಎಂಬುದನ್ನೂ ಇದೇ ನಮೂನೆ ಕೇಳುತ್ತದೆ. ದೊಡ್ಡ ಪುಸ್ತಕಕ್ಕೆ ಹೆಚ್ಚಿನ ಶುಲ್ಕವಿಲ್ಲ.

ಪೌರತ್ವದ ದಾಖಲೆ

ಪೌರತ್ವದ ಪ್ರತಿಯೊಂದು ದಾಖಲೆಯ ಮೂಲಪ್ರತಿಯನ್ನೂ ಅದರ ನಕಲನ್ನೂ ಒಟ್ಟಿಗೆ ಕೊಡಬೇಕು. ನಕಲು ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದದ ಬಿಳಿ ಹಾಳೆಯಲ್ಲಿ, ಕಪ್ಪು-ಬಿಳುಪಿನಲ್ಲಿ, ಒಂದೇ ಮಗ್ಗುಲಲ್ಲಿ ಇರಬೇಕು. ಮೂಲದ ಹಿಂಬದಿಯಲ್ಲಿ ಏನಾದರೂ ಮುದ್ರಣ ಇದ್ದರೆ ಅದರ ನಕಲು ಬೇರೊಂದು ಹಾಳೆಯಲ್ಲಿ ಇರಬೇಕು.

ಹೊಸದಾಗಿ ಪೌರತ್ವ ಪಡೆದ ವಯಸ್ಕರಿಗೆ ಪ್ರಮಾಣವಚನದ ಸಮಾರಂಭದಲ್ಲಿ ಕೊಡುವ ಪೌರತ್ವದ ಪತ್ರ, ಅಂದರೆ ನ್ಯಾಚುರಲೈಸೇಷನ್ ಸರ್ಟಿಫಿಕೇಟ್, ಒಂದೇ ಸಾಕು; ಕರ್ನಾಟಕದ ಜನನ ಪ್ರಮಾಣಪತ್ರದ ಅಗತ್ಯವಿಲ್ಲ. ಇದರ ನಕಲು ಮಾಡಲು ಹಲವರು ಹೆದರುತ್ತಾರೆ, ಏಕೆಂದರೆ ಕಾನೂನಿನ ಅಧಿಕಾರವಿಲ್ಲದೆ ನಕಲು ಮಾಡುವುದು ಶಿಕ್ಷಾರ್ಹವೆಂದು ಆ ಪತ್ರದ ಮೇಲೆಯೇ ಬರೆದಿರುವುದುಂಟು. ಪಾಸ್‌ಪೋರ್ಟ್ ಅರ್ಜಿಗೆ ನಕಲು ಕೊಡುವಂತೆ ಸರ್ಕಾರವೇ ಕೇಳುವುದರಿಂದ ಅದು ಕಾನೂನುಬದ್ಧ ಉದ್ದೇಶ; ಹಿಂಜರಿಯಬೇಕಾಗಿಲ್ಲ. ಪತ್ರದ ಮೇಲೆ ನಿಮ್ಮ ಸಹಿ ಆಗಿದೆಯೇ, ಹೆಸರಿನ ಕಾಗುಣಿತ ಮತ್ತು ಜನ್ಮದಿನಾಂಕ ಸರಿಯಾಗಿವೆಯೇ ಎಂಬುದನ್ನು ಸಮಾರಂಭದ ಸ್ಥಳದಲ್ಲೇ ನೋಡಿಕೊಳ್ಳಿ. ಅಲ್ಲಿ ತೋರಿಸಿದ ತಪ್ಪನ್ನು ತಿದ್ದಿಸುವುದು ಸುಲಭ, ಮನೆಗೆ ಬಂದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಎಳೆಯುವ ಕೆಲಸ.

ಈ ಮೂಲಪತ್ರವನ್ನು ಅರ್ಜಿಯೊಡನೆ ಕಳುಹಿಸಿಬಿಡುತ್ತೀರಿ. ಅದು ಪಾಸ್‌ಪೋರ್ಟಿನ ಜೊತೆಗಲ್ಲದೆ ಬೇರೊಂದು ಅಂಚೆಯಲ್ಲಿ, ಕೆಲವೊಮ್ಮೆ ಪಾಸ್‌ಪೋರ್ಟ್ ಬಂದ ನಾಲ್ಕು ವಾರಗಳವರೆಗೆ ತಡವಾಗಿ, ಹಿಂದಿರುಗುತ್ತದೆ. ಮುಂದೆ ಭಾರತದ ಪಾಸ್‌ಪೋರ್ಟ್ ಒಪ್ಪಿಸುವಾಗಲೂ ಒಸಿಐ (ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಅರ್ಜಿ ಹಾಕುವಾಗಲೂ ಇದರ ನಕಲು ಬೇಕಾಗುವುದರಿಂದ, ಕಳುಹಿಸುವ ಮೊದಲು ಎರಡು-ಮೂರು ಒಳ್ಳೆಯ ಪ್ರತಿಗಳನ್ನು ಮಾಡಿ ಮನೆಯಲ್ಲಿ ಇಟ್ಟುಕೊಳ್ಳಿ.

ಅಮೆರಿಕದಲ್ಲೇ ಹುಟ್ಟಿದ ಮಗುವಿಗೆ ಹುಟ್ಟಿದ ರಾಜ್ಯ, ಕೌಂಟಿ ಅಥವಾ ನಗರ ಕೊಟ್ಟ ಜನನ ಪ್ರಮಾಣಪತ್ರ ಬೇಕು. ಅದರಲ್ಲಿ ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ತಂದೆತಾಯಿಯರ ಪೂರ್ಣ ಹೆಸರುಗಳು, ನೋಂದಣಾಧಿಕಾರಿಯ ಸಹಿ, ಕಚೇರಿಯ ಮುದ್ರೆ ಮತ್ತು ಹುಟ್ಟಿದ ಒಂದು ವರ್ಷದೊಳಗಿನ ನೋಂದಣಿ ದಿನಾಂಕ ಇರಬೇಕು. ಆಸ್ಪತ್ರೆಯವರು ಪುಟ್ಟ ಪಾದದ ಗುರುತು ಒತ್ತಿ ಕೊಡುವ ಚೆಂದದ ಪತ್ರ ನೆನಪಿಗೆ ಮಾತ್ರ. ಕೆಲವು ರಾಜ್ಯಗಳು ಕೊಡುವ ಚಿಕ್ಕ ಪ್ರಮಾಣಪತ್ರದಲ್ಲಿ ತಂದೆತಾಯಿಯರ ಹೆಸರೇ ಇರುವುದಿಲ್ಲ; ಅದೂ ನಡೆಯುವುದಿಲ್ಲ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗಲೇ ಪೂರ್ಣ ವಿವರದ ಪ್ರತಿ ಬೇಕೆಂದು ಕೇಳಿ ಪಡೆಯಿರಿ.

ಕರ್ನಾಟಕದಲ್ಲಿ ಹುಟ್ಟಿ, ತಂದೆತಾಯಿಯರ ಜೊತೆ ಬಂದು, ಗ್ರೀನ್ ಕಾರ್ಡ್ ಪಡೆದು ಇಲ್ಲಿಯೇ ಬೆಳೆದ ಮಕ್ಕಳ ವಿಷಯದಲ್ಲಿ ಹೆಚ್ಚು ಗಮನ ಬೇಕು. 2000ನೆಯ ಇಸವಿಯಲ್ಲಿ ಅಂಗೀಕಾರವಾಗಿ 2001ರ ಫೆಬ್ರುವರಿ 27ರಿಂದ ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯ್ದೆಯ ಪ್ರಕಾರ, ಮಗುವಿಗೆ 18 ತುಂಬುವ ಮೊದಲು ತಂದೆ ಅಥವಾ ತಾಯಿ ಅಮೆರಿಕದ ಪೌರರಾದರೆ, ಮತ್ತು ಆ ಹೊತ್ತಿಗೆ ಮಗು ಗ್ರೀನ್ ಕಾರ್ಡ್ ಹೊಂದಿ ಆ ಪೋಷಕರ ಕಾನೂನುಬದ್ಧ ಪಾಲನೆಯಲ್ಲಿ ಅವರೊಡನೆ ಇಲ್ಲಿ ವಾಸವಿದ್ದರೆ, ಮಗು ಬೇರೆ ಅರ್ಜಿಯಿಲ್ಲದೆ ತಾನಾಗಿಯೇ ಪೌರತ್ವ ಪಡೆಯುತ್ತದೆ. ಅಂಥ ಮಗುವಿನ ಹೆಸರಿನಲ್ಲಿ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ ಇರುವುದಿಲ್ಲ. ಪೌರತ್ವದ ಪ್ರತ್ಯೇಕ ಪ್ರಮಾಣಪತ್ರವನ್ನು ಬೇಕೆಂದರೆ ಮುಂದೆ ಮಾಡಿಸಬಹುದು, ಆದರೆ ಪಾಸ್‌ಪೋರ್ಟಿಗಾಗಿ ಅದನ್ನು ಕಾಯಬೇಕಾಗಿಲ್ಲ. ಮಗುವಿನ ಜನನ ಪ್ರಮಾಣಪತ್ರ, ಮಗುವಿನ ಗ್ರೀನ್ ಕಾರ್ಡ್, ಪೌರತ್ವ ಪಡೆದ ಪೋಷಕರ ಸರ್ಟಿಫಿಕೇಟ್ ಮತ್ತು ಮಗು ಅವರೊಡನೆ ವಾಸವಿದೆ ಎಂಬುದಕ್ಕೆ ಶಾಲೆಯ ದಾಖಲೆಯಂಥ ಆಧಾರ, ಇವು ಒಂದರೊಡನೊಂದು ಹೊಂದಿಕೊಂಡು ಪೌರತ್ವವನ್ನು ತೋರಿಸುತ್ತವೆ. ತಂದೆತಾಯಿಯರ ವಿವಾಹ ನೋಂದಣಿ ಪತ್ರವನ್ನೂ ಜೊತೆಗೆ ಇಡುವುದು ಕ್ಷೇಮ. ಪೋಷಕರು ಪ್ರಮಾಣವಚನ ಸ್ವೀಕರಿಸುವ ಮೊದಲೇ ಮಗುವಿಗೆ 18 ತುಂಬಿದ್ದರೆ ಈ ದಾರಿ ಇಲ್ಲ. ಆ ಮಗ ಅಥವಾ ಮಗಳು ತನ್ನದೇ ಪೌರತ್ವದ ಅರ್ಜಿ ಹಾಕಬೇಕು.

ತಂದೆಯ ಒಂದೇ ಸರ್ಟಿಫಿಕೇಟ್ ತಂದೆಯ ಅರ್ಜಿಗೂ ಮಕ್ಕಳ ಅರ್ಜಿಗೂ ಬೇಕಾದಾಗ, ಎಲ್ಲರೂ ಒಂದೇ ದಿನ ಒಂದೇ ಕಿಟಕಿಗೆ ಹೋಗಿ, ಅರ್ಜಿಗಳನ್ನು ಒಟ್ಟಿಗೆ ಕಳುಹಿಸಲು ಕೇಳಿಕೊಳ್ಳಬೇಕು. ಪ್ರತಿ ಅರ್ಜಿಯ ಜೊತೆಗೂ ಸರ್ಟಿಫಿಕೇಟಿನ ಒಂದೊಂದು ನಕಲು ಇರಲಿ.

ಕರ್ನಾಟಕದ ಜನನ ಪ್ರಮಾಣಪತ್ರದ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಈಗ ಇ-ಜನ್ಮ ಎಂಬ ರಾಜ್ಯದ ಗಣಕೀಕೃತ ಜನನ-ಮರಣ ನೋಂದಣಿ ವ್ಯವಸ್ಥೆಯಿಂದ ಬರುವ ಪತ್ರಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುತ್ತವೆ. ಹಳೆಯ ಕೈಬರಹದ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕು, ಮತ್ತು ಅನುವಾದ ನಿಖರವಾಗಿದೆ, ತಮಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ನೋಟರಿಯ ಮುಂದೆ ಸಹಿ ಮಾಡಿದ ಹೇಳಿಕೆ ಅದರೊಡನೆ ಇರಬೇಕು. ಮನೆಯವರೇ ಅನುವಾದ ಮಾಡಿ ಕೊಡಬಾರದೆಂಬುದು ನನ್ನ ಸಲಹೆ. ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಮಾಡಿಸುವ ರೂಢಿಯಿಂದಾಗಿ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಅಂಥ ಪತ್ರದಿಂದ ಇದು ಇದೇ ಮಗುವಿನದೆಂದು ತೋರಿಸಲಾಗದು. ಊರಿನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಸಿ ಹೊಸ ಪ್ರತಿಯನ್ನು ತರಿಸಬೇಕು. ಹೆಸರು ಸೇರಿಸಲು ಕಾಲಮಿತಿ ಇರುವುದರಿಂದ, ಮಗು ಚಿಕ್ಕದಿರುವಾಗಲೇ, ರಜೆಗೆ ಊರಿಗೆ ಹೋದಾಗಲೇ ಈ ಕೆಲಸ ಮುಗಿಸುವುದು ಜಾಣತನ. ಫೋನಿನಲ್ಲಿ ತೋರಿಸುವ ಪತ್ರವನ್ನಾಗಲಿ ಮನೆಯಲ್ಲೇ ಮುದ್ರಿಸಿದ ಹಾಳೆಯನ್ನಾಗಲಿ ನಂಬಿಕೊಳ್ಳದೆ, ನೋಂದಣಾಧಿಕಾರಿಯ ಸಹಿ ಮತ್ತು ಮುದ್ರೆ ಇರುವ ಕಾಗದದ ಪ್ರತಿಯನ್ನೇ ತರಿಸಿಕೊಳ್ಳಿ.

ಹೆಸರುಗಳು ಒಂದಕ್ಕೊಂದು ತಾಳೆಯಾಗಬೇಕು

ನಮ್ಮವರ ಅರ್ಜಿಗಳು ನಿಧಾನವಾಗುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಹೆಸರು. ಊರಿನ ಹೆಸರು, ತಂದೆಯ ಹೆಸರು, ತಮ್ಮ ಹೆಸರು ಎಂಬ ಕ್ರಮದಲ್ಲಿ ಇನಿಷಿಯಲ್ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಎಚ್. ಎಸ್. ರಮೇಶ ಎಂದು ಶಾಲೆಯಲ್ಲಿ ಬರೆಸಿಕೊಂಡವರು ಭಾರತದ ಪಾಸ್‌ಪೋರ್ಟಿನಲ್ಲಿ ರಮೇಶ ಹೊಳೆನರಸೀಪುರ ಶ್ರೀನಿವಾಸ ಆಗಿರುತ್ತಾರೆ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಬರಿ ರಮೇಶ ಎಂದಿರುತ್ತದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ರಮೇಶ ಶ್ರೀನಿವಾಸ ಎಂದಾಗಿರುತ್ತದೆ. ನಮಗೆ ಈ ನಾಲ್ಕೂ ಒಬ್ಬರೇ ಎನ್ನುವುದರಲ್ಲಿ ಅನುಮಾನವೇ ಬರುವುದಿಲ್ಲ. ಲಕೋಟೆಯನ್ನು ತೆರೆದು ನೋಡುವ ಅಧಿಕಾರಿಗೆ ಅವು ನಾಲ್ಕು ಬೇರೆ ಬೇರೆ ವ್ಯಕ್ತಿಗಳಾಗಿ ಕಾಣಬಹುದು. ಮದುವೆಗೆ ಮೊದಲು ತಂದೆಯ ಇನಿಷಿಯಲ್ ಇದ್ದು ನಂತರ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳ ಪತ್ರಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ.

ಇದಕ್ಕೆ ಪರಿಹಾರವೆಂದರೆ, ನ್ಯಾಚುರಲೈಸೇಷನ್ ಸರ್ಟಿಫಿಕೇಟಿನಲ್ಲಿ ಇರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು, ಅರ್ಜಿಯಲ್ಲಿ ಅದನ್ನೇ ಅಕ್ಷರ ಬಿಡದೆ ಬರೆಯುವುದು. ಹಿಂದೆ ಬಳಸಿದ ಇತರ ಹೆಸರುಗಳನ್ನು ಕೇಳುವ ಕಲಮಿನಲ್ಲಿ ಉಳಿದ ರೂಪಗಳನ್ನೆಲ್ಲ ಮುಚ್ಚಿಡದೆ ನಮೂದಿಸಬೇಕು. ತಂದೆತಾಯಿಯರ ವಿವರದ ಜಾಗದಲ್ಲಿ ಡಿಎಸ್-11 ಅವರು ಹುಟ್ಟಿದಾಗಿನ ಹೆಸರನ್ನು ಕೇಳುತ್ತದೆ, ಈಗಿನದನ್ನಲ್ಲ. ತಾಯಿಯ ತವರಿನ ಹೆಸರನ್ನು ಇಲ್ಲಿ ಬರೆಯಬೇಕು. ಹೆಸರು ಬದಲಾದದ್ದು ಮದುವೆಯಿಂದಾದರೆ ವಿವಾಹ ಪ್ರಮಾಣಪತ್ರವನ್ನೂ ನ್ಯಾಯಾಲಯದಿಂದಾದರೆ ಅದರ ಆದೇಶವನ್ನೂ ಲಗತ್ತಿಸಬೇಕು. ಮಗುವಿನ ಜನನ ಪತ್ರದಲ್ಲಿ ತಂದೆಯ ಹೆಸರು ಇನಿಷಿಯಲ್‌ನೊಂದಿಗೆ ಮಾತ್ರ ಇದ್ದು ಉಳಿದೆಡೆ ವಿಸ್ತರಿಸಿ ಬರೆದಿದ್ದರೆ, ಇನಿಷಿಯಲ್ ಯಾವುದರ ಸಂಕ್ಷೇಪ ಎಂಬುದನ್ನು ವಿವರಿಸಿ, ಎರಡೂ ಒಬ್ಬರೇ ಎಂದು ಸಹಿ ಮಾಡಿದ ಒಂದು ಪುಟದ ಹೇಳಿಕೆಯನ್ನೂ ಅದನ್ನು ಬೆಂಬಲಿಸುವ ಹಳೆಯ ಪಾಸ್‌ಪೋರ್ಟಿನ ನಕಲನ್ನೂ ಜೊತೆಗಿಡಿ. ಕಿಟಕಿಯಲ್ಲಿ ಯಾರೂ ಕೇಳದಿದ್ದರೂ ಇದು ಲಕೋಟೆಯೊಳಗೆ ನಿಮ್ಮ ಪರವಾಗಿ ಮಾತಾಡುತ್ತದೆ.

ಪೌರತ್ವದ ಅರ್ಜಿಯನ್ನು ಇನ್ನೂ ಹಾಕಬೇಕಾಗಿರುವವರಿಗೆ ಒಂದು ಮಾತು: ಆ ಅರ್ಜಿಯಲ್ಲಿಯೇ ಹೆಸರು ಬದಲಾವಣೆಯನ್ನು ಕೋರಲು ಅವಕಾಶವಿದೆ, ನ್ಯಾಯಾಧೀಶರ ಮುಂದೆ ಪ್ರಮಾಣವಚನ ನಡೆದಾಗ ಅದು ಜಾರಿಗೆ ಬರುತ್ತದೆ. ಉಪನಾಮದ ಜಾಗ ಖಾಲಿ ಬಿಟ್ಟ ಭಾರತೀಯ ಪಾಸ್‌ಪೋರ್ಟಿನಿಂದಾಗಿ ವೀಸಾದಲ್ಲಿ ಮೊದಲ ಹೆಸರೇ ಗೊತ್ತಿಲ್ಲ ಎಂಬ ಅರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಹೊತ್ತು ವರ್ಷಗಟ್ಟಲೆ ಒದ್ದಾಡಿದವರು ನಮ್ಮಲ್ಲಿ ಬಹಳ ಮಂದಿ. ಅವರೆಲ್ಲ ಈ ಅವಕಾಶವನ್ನು ಬಿಡಬಾರದು.

ಗುರುತಿನ ಚೀಟಿ ಮತ್ತು ಫೋಟೋ

ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ಸಾಕು, ಅದರ ಹಿಂದು-ಮುಂದಿನ ನಕಲು ಬೇಕು. ಅರ್ಜಿ ಹಾಕುವ ರಾಜ್ಯ ಬೇರೆ, ಲೈಸೆನ್ಸ್ ಕೊಟ್ಟ ರಾಜ್ಯ ಬೇರೆ ಆಗಿದ್ದರೆ ಎರಡನೆಯ ಗುರುತಿನ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಮಗುವಿನ ಅರ್ಜಿಯಲ್ಲಿ ಗುರುತು ತೋರಿಸಬೇಕಾದವರು ತಂದೆತಾಯಿಯರು. ಅವರು ಇನ್ನೂ ಅಮೆರಿಕದ ಪೌರರಾಗಿಲ್ಲದಿದ್ದರೆ ಚಾಲ್ತಿಯಲ್ಲಿರುವ ಭಾರತದ ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್ ತೋರಿಸಬಹುದು.

ಫೋಟೋ ಎರಡು ಅಂಗುಲದ ಚೌಕ, ಬಿಳಿ ಅಥವಾ ಬಿಳಿಗೆ ಹತ್ತಿರದ ಹಿನ್ನೆಲೆ, ಕಳೆದ ಆರು ತಿಂಗಳೊಳಗೆ ತೆಗೆದದ್ದು. ಕನ್ನಡಕವನ್ನು 2016ರ ನವೆಂಬರಿನಿಂದ ನಿಷೇಧಿಸಲಾಗಿದೆ. ಫಿಲ್ಟರ್, ತಿದ್ದುಪಡಿ ಯಾವುದೂ ಇರಬಾರದು. ಹಸುಳೆಯನ್ನು ಬಿಳಿ ಹೊದಿಕೆಯ ಮೇಲೆ ಮಲಗಿಸಿ ಮೇಲಿಂದ ತೆಗೆಯಬಹುದು; ಎತ್ತಿಕೊಂಡವರ ಕೈ ಚಿತ್ರದಲ್ಲಿ ಬರಬಾರದು, ಮುಖದ ಮೇಲೆ ನೆರಳು ಬೀಳಬಾರದು. ಕೆನ್ನೆಯ ಮೇಲಿನ ದೃಷ್ಟಿಬೊಟ್ಟನ್ನು ಆ ಹೊತ್ತಿಗೆ ಒರೆಸಿಬಿಡಿ. ಕಲೆಯೆಂದು ಯಾರಾದರೂ ತಿಳಿದು ಫೋಟೋವನ್ನು ತಿರಸ್ಕರಿಸಲು ಆಸ್ಪದ ಕೊಡುವುದು ಬೇಡ. ಹಲವು ಅಂಚೆ ಕಚೇರಿಗಳಲ್ಲಿ ಫೋಟೋ ತೆಗೆಯುವ ವ್ಯವಸ್ಥೆ ಇದೆ, ಅದಕ್ಕೆ ಸುಮಾರು 15 ಡಾಲರ್ ಆಗುತ್ತದೆ.

ಮಗುವಿನ ಅರ್ಜಿಗೆ ಇಬ್ಬರ ಒಪ್ಪಿಗೆ

16 ವರ್ಷದೊಳಗಿನ ಮಗು, ತಂದೆ, ತಾಯಿ ಮೂವರೂ ಕಿಟಕಿಗೆ ಬರಬೇಕು. ಮಗುವನ್ನು ಒಬ್ಬರೇ ದೇಶದಾಚೆ ಕರೆದುಕೊಂಡು ಹೋಗುವುದನ್ನು ತಡೆಯಲು ಇರುವ ಕಟ್ಟುನಿಟ್ಟಿನ ನಿಯಮವಿದು. ಇದರಲ್ಲಿ ವಿನಾಯಿತಿ ಕೇಳಿ ಪ್ರಯೋಜನವಿಲ್ಲ. ಒಬ್ಬರು ಬರಲಾಗದಿದ್ದರೆ ಅವರು ಡಿಎಸ್-3053 ಎಂಬ ಒಪ್ಪಿಗೆ ಪತ್ರವನ್ನು ನೋಟರಿಯ ಮುಂದೆ ಸಹಿ ಮಾಡಿ, ನೋಟರಿಗೆ ತೋರಿಸಿದ ಗುರುತಿನ ಚೀಟಿಯ ಎರಡೂ ಬದಿಯ ನಕಲನ್ನು ಅದರೊಡನೆ ಕಳುಹಿಸಬೇಕು. ಸಹಿಯಾಗಿ ಮೂರು ತಿಂಗಳು ಮೀರಿದರೆ ಆ ಪತ್ರ ಉಪಯೋಗಕ್ಕೆ ಬರುವುದಿಲ್ಲ.

ಬಾಣಂತನಕ್ಕೆಂದೋ ಕಾಯಿಲೆಯವರನ್ನು ನೋಡಿಕೊಳ್ಳಲೆಂದೋ ಇಬ್ಬರಲ್ಲಿ ಒಬ್ಬರು ಊರಿನಲ್ಲಿ ಇರುವ ಸಂದರ್ಭಗಳು ನಮ್ಮ ಕುಟುಂಬಗಳಲ್ಲಿ ಬರುತ್ತಲೇ ಇರುತ್ತವೆ. ಆಗ ಅಮೆರಿಕದ ದೂತಾವಾಸದ ನೋಟರಿ ಸೇವೆಯಲ್ಲೇ ಸಹಿ ಮಾಡುವುದು ನಂಬಬಹುದಾದ ದಾರಿ. ಕರ್ನಾಟಕ ಚೆನ್ನೈ ದೂತಾವಾಸದ ವ್ಯಾಪ್ತಿಗೆ ಸೇರಿದೆ. ಅಲ್ಲಿಯೂ ಮೊದಲೇ ಸಮಯ ಕಾದಿರಿಸಬೇಕಾಗುವುದರಿಂದ, ಪ್ರಯಾಣದ ದಿನ ನಿಶ್ಚಯವಾಗುತ್ತಲೇ ಈ ಕೆಲಸಕ್ಕೆ ಕೈ ಹಾಕಬೇಕು. ವಿಚ್ಛೇದನವಾಗಿ ಮಗುವಿನ ಪೂರ್ಣ ಪಾಲನೆ ಒಬ್ಬರಿಗೇ ದೊರೆತಿದ್ದರೆ ನ್ಯಾಯಾಲಯದ ಆದೇಶದ ಪ್ರತಿ ಸಾಕು. ಇನ್ನೊಬ್ಬ ಪೋಷಕರು ಎಲ್ಲಿದ್ದಾರೆಂದೇ ತಿಳಿಯದಿದ್ದರೆ ಡಿಎಸ್-5525 ಎಂಬ ನಮೂನೆಯಲ್ಲಿ ಪರಿಸ್ಥಿತಿಯನ್ನು ವಿವರವಾಗಿ ಬರೆಯಬೇಕು.

16 ಮತ್ತು 17 ವಯಸ್ಸಿನವರು ತಾವೇ ಅರ್ಜಿ ಹಾಕಬಹುದು, ಆದರೆ ಪೋಷಕರಲ್ಲಿ ಒಬ್ಬರಿಗಾದರೂ ಅದು ತಿಳಿದಿದೆ ಎಂಬುದು ಗೊತ್ತಾಗಬೇಕು. ಒಬ್ಬರು ಜೊತೆಗೆ ಹೋದರೆ ಮುಗಿಯಿತು.

ಶುಲ್ಕ

ಶುಲ್ಕವನ್ನು ಎರಡು ಭಾಗವಾಗಿ, ಇಬ್ಬರಿಗೆ ಕೊಡಬೇಕು. 16 ತುಂಬಿದವರ ಪುಸ್ತಕಕ್ಕೆ 130 ಡಾಲರ್, ಅದರೊಳಗಿನವರಿಗೆ 100 ಡಾಲರ್. ಇದು ವಿದೇಶಾಂಗ ಇಲಾಖೆಗೆ ಸಲ್ಲುತ್ತದೆ. ಅದರ ಮೇಲೆ ಪ್ರತಿ ಅರ್ಜಿಗೆ 35 ಡಾಲರ್ ಸ್ವೀಕೃತಿ ಕಚೇರಿಗೆ. ತ್ವರಿತ ಸೇವೆ ಬೇಕಾದರೆ ಇನ್ನೂ 60 ಡಾಲರನ್ನು ಇಲಾಖೆಯ ಪಾಲಿಗೆ ಸೇರಿಸಬೇಕು. ಇಲಾಖೆಯ ಹಣವನ್ನು ಚೆಕ್ ಅಥವಾ ಮನಿ ಆರ್ಡರ್ ಮೂಲಕ ಯು.ಎಸ್. ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್ ಹೆಸರಿಗೆ ಬರೆಯಬೇಕು. ಈ ಕಚೇರಿಗಳಲ್ಲಿ ಅದನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಲಾಗದು. ಚೆಕ್ ಬಳಕೆಯೇ ಬಿಟ್ಟುಹೋದ ಈ ಕಾಲದಲ್ಲಿ ಅನೇಕರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಚೆಕ್ ಪುಸ್ತಕವಿಲ್ಲದವರು ಅಂಚೆ ಕಚೇರಿಯಲ್ಲಿಯೇ ನಗದು ಅಥವಾ ಡೆಬಿಟ್ ಕಾರ್ಡ್ ಕೊಟ್ಟು ಮನಿ ಆರ್ಡರ್ ಪಡೆಯಬಹುದು. ಮನೆಮಂದಿಗೆಲ್ಲ ಸೇರಿಸಿ ಒಂದೇ ಚೆಕ್ ಬರೆಯದೆ ಪ್ರತಿ ಅರ್ಜಿಗೆ ಬೇರೆ ಚೆಕ್ ಕೊಟ್ಟು, ಅದರ ಮೇಲೆ ಅರ್ಜಿದಾರರ ಹೆಸರು ಮತ್ತು ಜನ್ಮದಿನಾಂಕವನ್ನು ಬರೆಯಿರಿ. 35 ಡಾಲರ್‌ಗಳನ್ನು ಯಾವ ರೂಪದಲ್ಲಿ ತೆಗೆದುಕೊಳ್ಳುತ್ತಾರೆಂಬುದು ಒಂದೊಂದು ಕಚೇರಿಯಲ್ಲಿ ಒಂದೊಂದು ಬಗೆ.

ಪಾಸ್‌ಪೋರ್ಟ್ ಕಾರ್ಡ್ ಎಂಬ ಅಗ್ಗದ ಆಯ್ಕೆಯೂ ನಮೂನೆಯಲ್ಲಿ ಕಾಣುತ್ತದೆ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅದು ನಡೆಯದು. ಭಾರತಕ್ಕೆ ಹೋಗುವವರಿಗೆ ಪುಸ್ತಕವೇ ಬೇಕು.

ಕಿಟಕಿಯ ಮುಂದೆ

ಹತ್ತಿರದ ಕಚೇರಿಗಳ ಪಟ್ಟಿ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ಪಿನ್‌ಕೋಡಿನಂತಿರುವ ಜಿಪ್ ಕೋಡ್ ಹಾಕಿದರೆ ಸಿಗುತ್ತದೆ. ಅಂಚೆ ಕಚೇರಿಯ ಅಪಾಯಿಂಟ್‌ಮೆಂಟನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಕಾದಿರಿಸಬೇಕು. ಅಲ್ಲಿ ದೊಡ್ಡವರೆಷ್ಟು, ಮಕ್ಕಳೆಷ್ಟು ಎಂದು ಕೇಳಿದಾಗ ಅರ್ಜಿ ಹಾಕುವ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಇಲ್ಲವಾದರೆ ಒಬ್ಬರಿಗೆ ಮೀಸಲಾದ ಸಮಯದಲ್ಲಿ ನಾಲ್ವರ ಅರ್ಜಿಯನ್ನು ನೋಡಲಾಗದೆ ಹೋಗುತ್ತದೆ. ನಮ್ಮವರು ಹೆಚ್ಚಾಗಿ ಇರುವ ಫ್ರೀಮಾಂಟ್, ಸನಿವೇಲ್, ಎಡಿಸನ್, ಫ್ರಿಸ್ಕೋದಂಥ ಊರುಗಳಲ್ಲಿ ಬೇಸಿಗೆ ರಜೆಗೆ ಮುಂಚೆ ಸಮಯ ಸಿಗುವುದೇ ಕಷ್ಟ. ಅಂಥಲ್ಲಿ ಕೌಂಟಿ ಕಚೇರಿಯನ್ನೂ, ಅರ್ಧ-ಮುಕ್ಕಾಲು ಗಂಟೆ ದೂರದ ಸಣ್ಣ ಊರಿನ ಅಂಚೆ ಕಚೇರಿಯನ್ನೂ ನೋಡಿ. ಯಾವ ಕಚೇರಿಯಲ್ಲಿ ಕೊಟ್ಟರೂ ಅರ್ಜಿ ಹೋಗುವ ದಾರಿ ಒಂದೇ. ಅಪಾಯಿಂಟ್‌ಮೆಂಟ್ ಕೊಡಿಸುತ್ತೇವೆಂದು ಹಣ ಕೇಳುವ ಖಾಸಗಿ ಜಾಲತಾಣಗಳನ್ನು ದೂರವಿಡಿ, ಏಕೆಂದರೆ ಈ ಸೌಲಭ್ಯ ಉಚಿತವಾದದ್ದು.

ಅಲ್ಲಿ ನೌಕರರು ಮೂಲ ಮತ್ತು ನಕಲುಗಳನ್ನು ತಾಳೆ ನೋಡಿ, ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ, ಸಹಿ ಮಾಡಿಸುತ್ತಾರೆ. ಲಕೋಟೆ ಮುಚ್ಚುವ ಮುಂಚೆ ನಿಮ್ಮ ಹೆಸರಿನ ಕಾಗುಣಿತ, ಅಂಚೆ ವಿಳಾಸ ಮತ್ತು ಇಮೇಲ್ ವಿಳಾಸವನ್ನು ಕೊನೆಯದಾಗಿ ಓದಿ ನೋಡಿ. ಯಾವುದೋ ಕಾಗದ ಅನಗತ್ಯವೆಂದು ಅವರು ಹಿಂದಿರುಗಿಸಲು ಹೊರಟರೆ, ಹೆಸರಿನ ವ್ಯತ್ಯಾಸಕ್ಕೆ ಅದು ಬೇಕಾಗಬಹುದೆಂದು ವಿನಯದಿಂದ ಹೇಳಿ ಜೊತೆಗಿಡಲು ಕೇಳಿಕೊಳ್ಳಿ.

ಕಾಯುವ ವಾರಗಳು

ಸಾಮಾನ್ಯ ಅರ್ಜಿಗೆ ನಾಲ್ಕರಿಂದ ಆರು ವಾರ, ತ್ವರಿತ ಅರ್ಜಿಗೆ ಎರಡರಿಂದ ಮೂರು ವಾರ ಎಂಬುದು ಇತ್ತೀಚಿನ ವರ್ಷಗಳ ಅವಧಿ. ಅಂಚೆಯ ದಿನಗಳು ಇದರಲ್ಲಿ ಸೇರಿಲ್ಲ. ಹೋಗಲು ಎರಡು ವಾರ, ಬರಲು ಎರಡು ವಾರದವರೆಗೂ ಹಿಡಿಯಬಹುದು. ಮೊದಲ ಎರಡು ವಾರ ಆನ್‌ಲೈನಿನಲ್ಲಿ ಅರ್ಜಿಯ ಸ್ಥಿತಿ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಕೊಟ್ಟ ಅರ್ಜಿಯನ್ನು ನಡುವೆ ಫೋನ್ ಮಾಡಿ, ಹೆಚ್ಚಿನ ಶುಲ್ಕ ಕಟ್ಟಿ, ತ್ವರಿತ ಸೇವೆಗೆ ಬದಲಾಯಿಸಿಕೊಳ್ಳಲೂ ಬಹುದು. ಹೆಚ್ಚಿನ ಮಾಹಿತಿ ಕೇಳಿ ಇಲಾಖೆಯಿಂದ ಪತ್ರ ಬಂದರೆ, ಆ ಪತ್ರವನ್ನೂ ಉತ್ತರದ ಜೊತೆಗೇ ಇಟ್ಟು ಕೂಡಲೇ ಕಳುಹಿಸಿ.

ಹೊರಡುವ ದಿನಕ್ಕೆ 14 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಸ್ವೀಕೃತಿ ಕಚೇರಿಯಿಂದ ಆಗುವುದೇನೂ ಇಲ್ಲ. ಆಗ ಸ್ಯಾನ್ ಫ್ರಾನ್ಸಿಸ್ಕೊ, ಡಲ್ಲಾಸ್, ಷಿಕಾಗೊ, ಅಟ್ಲಾಂಟಾ, ಸಿಯಾಟಲ್‌ನಂಥ ನಗರಗಳಲ್ಲಿ ಇರುವ, ಇಲಾಖೆಯದೇ ಆದ ಪಾಸ್‌ಪೋರ್ಟ್ ಏಜೆನ್ಸಿಗೆ 1-877-487-2778 ಸಂಖ್ಯೆಗೆ ಕರೆ ಮಾಡಿ ಸಮಯ ಪಡೆಯಬೇಕು. ಊರಿನಲ್ಲಿ ತಂದೆ, ತಾಯಿ, ಸಂಗಾತಿ, ಮಗು, ಒಡಹುಟ್ಟಿದವರು ಅಥವಾ ಅಜ್ಜ-ಅಜ್ಜಿ ತೀರಿಕೊಂಡರೆ ಅಥವಾ ಜೀವಾಪಾಯದ ಸ್ಥಿತಿಯಲ್ಲಿದ್ದರೆ ತುರ್ತು ಪಾಸ್‌ಪೋರ್ಟ್ ಕೊಡುವ ಪ್ರತ್ಯೇಕ ವ್ಯವಸ್ಥೆ ಇದೆ. ಚಿಕ್ಕಪ್ಪ, ಸೋದರಮಾವ, ಅತ್ತೆಯರು ಆ ಪಟ್ಟಿಯಲ್ಲಿ ಇಲ್ಲ ಎಂಬುದು ನಮ್ಮಂಥವರಿಗೆ ನೋವಿನ ಸಂಗತಿ. ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ವೈದ್ಯರು ಸಹಿ ಮಾಡಿ, ರೋಗಿಯ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ವಿವರಿಸಿದ ಪತ್ರವನ್ನು ಊರಿನವರಿಂದ ಮೊದಲು ತರಿಸಿಕೊಳ್ಳಿ, ಪ್ರಯಾಣದ ಟಿಕೆಟನ್ನೂ ಸಿದ್ಧವಾಗಿಡಿ. ಪಾಸ್‌ಪೋರ್ಟ್ ಸಿಕ್ಕ ಮೇಲೂ ಭಾರತ ಪ್ರವೇಶಿಸಲು ವೀಸಾ ಬೇಕಾಗುವುದರಿಂದ ಭಾರತದ ದೂತಾವಾಸವನ್ನೂ ಅದೇ ದಿನ ಸಂಪರ್ಕಿಸಬೇಕು.

ಪುಸ್ತಕ ಕೈಗೆ ಬಂದ ಮೇಲೆ

ಲಕೋಟೆ ಒಡೆದ ಕೂಡಲೇ ಹೆಸರು, ಜನ್ಮದಿನಾಂಕ, ಹುಟ್ಟಿದ ಸ್ಥಳವನ್ನು ಪರೀಕ್ಷಿಸಿ. ಮುದ್ರಣದ ತಪ್ಪಿದ್ದರೆ ಡಿಎಸ್-5504 ನಮೂನೆಯೊಡನೆ ಹಿಂದಿರುಗಿಸಿ ತಿದ್ದಿಸಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. ದೊಡ್ಡವರು ತಮ್ಮ ಪುಸ್ತಕಕ್ಕೆ ಸಹಿ ಹಾಕಬೇಕು. ಚಿಕ್ಕ ಮಗುವಿನ ಪುಸ್ತಕದಲ್ಲಿ ಪೋಷಕರು ಮಗುವಿನ ಹೆಸರನ್ನು ಅಚ್ಚಕ್ಷರದಲ್ಲಿ ಬರೆದು, ಪಕ್ಕದಲ್ಲಿ ತಮ್ಮ ಸಹಿಯನ್ನೂ ಮಗುವಿಗೆ ತಾವು ಏನಾಗಬೇಕೆಂಬುದನ್ನೂ ಬರೆಯಬೇಕು.

ಆನಂತರ ಭಾರತದ ಕಡೆಯ ಕೆಲಸ ಬರುತ್ತದೆ. ಹಳೆಯ ಭಾರತೀಯ ಪಾಸ್‌ಪೋರ್ಟನ್ನು ಭಾರತದ ದೂತಾವಾಸದ ಪರವಾಗಿ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದ ಮೂಲಕ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು, ಅದರ ಮೇಲೆ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐ ಬರುವ ಮೊದಲೇ ಹೊರಡಬೇಕಾದರೆ ವೀಸಾ ಪಡೆದೇ ಹೋಗಬೇಕು. ಈ ಎಲ್ಲ ಅರ್ಜಿಗಳಲ್ಲಿಯೂ ಹೊಸ ಪಾಸ್‌ಪೋರ್ಟಿನಲ್ಲಿ ಇರುವ ಹೆಸರಿನ ರೂಪವನ್ನೇ ಬಳಸಿ, ಹಳೆಯ ರೂಪಕ್ಕೆ ಸಂಬಂಧ ತೋರಿಸುವ ಕಾಗದಗಳನ್ನು ಮತ್ತೆ ಲಗತ್ತಿಸಬೇಕಾಗುತ್ತದೆ. ಪಾಸ್‌ಪೋರ್ಟ್ ಅರ್ಜಿಗೆಂದು ಒಮ್ಮೆ ಜೋಡಿಸಿದ ಕಡತ ಇಲ್ಲಿಯೂ ಹಾಗೆಯೇ ಬಳಕೆಗೆ ಬರುತ್ತದೆ.

ದೊಡ್ಡವರ ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ. 16 ತುಂಬುವ ಮೊದಲು ಪಡೆದದ್ದಕ್ಕೆ ಐದೇ ವರ್ಷ. ವೀಸಾಕ್ಕೂ ಪ್ರಯಾಣಕ್ಕೂ ಸಾಮಾನ್ಯವಾಗಿ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುವುದರಿಂದ ಮಗುವಿನ ಪುಸ್ತಕ ನಾಲ್ಕೂವರೆ ವರ್ಷಕ್ಕೇ ಮುಗಿಯಿತೆಂದು ಎಣಿಸಿ. ಅದನ್ನು ಅಂಚೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ನವೀಕರಿಸಲು ಬರುವುದಿಲ್ಲ. ಹೊಸ ಡಿಎಸ್-11 ತುಂಬಿ, ಹೊಸ ಫೋಟೋ ತೆಗೆಸಿ, ಅಪ್ಪ-ಅಮ್ಮ ಇಬ್ಬರೂ ಮಗುವಿನೊಡನೆ ಮತ್ತೆ ಸ್ವೀಕೃತಿ ಕಚೇರಿಗೆ ಹೋಗಬೇಕು.